ಕೆಲಸ ಮಾಡಿದರೆ ಅದು ಔಷಧ, ಮಾಡದಿದ್ದರೆ ಮೋಸ: 'ನ್ಯಾಚುರಲ್ ಈಸ್ಟ್ರೋಜನ್' ಮಾರುಕಟ್ಟೆಯ ರಾಜಕೀಯ

ಮುಟ್ಟಿನ ತೊಂದರೆ ಸರಿಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದು ಭಾರತದಲ್ಲಿ ಅಪರಾಧ. ಇದೇನೂ ಹೊಸ ಕಾನೂನಲ್ಲ, 1954ರದ್ದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ 3ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯೊಂದು ಅದೇ ಕಾಯ್ದೆಯ ಕೊನೆಯಲ್ಲಿದೆ. ಗರ್ಭಕೋಶದ ಕಾಯಿಲೆಗಳು, ಮುಟ್ಟಿನ ಸ್ರಾವದ ಏರುಪೇರು, ಹೆಣ್ಣಿನ ಬಂಜೆತನ, ಅಷ್ಟೇ ಯಾಕೆ, 'ಸಾಮಾನ್ಯವಾಗಿ ಸ್ತ್ರೀರೋಗಗಳು' ಎಂಬುದೂ ಅದರಲ್ಲಿದೆ. ಜಾಹೀರಾತು ಅಂದರೆ ಏನು ಎಂಬುದಕ್ಕೆ ಆ ಕಾಯ್ದೆ ಕೊಡುವ ವ್ಯಾಖ್ಯೆ ಇನ್ನೂ ಸ್ವಾರಸ್ಯಕರ. ಲೇಬಲ್, ಮೇಲಿನ ಸುತ್ತುಕಾಗದ, ಬಾಯಿಮಾತಿನ ಘೋಷಣೆ, ಬೆಳಕು, ಶಬ್ದ ಅಥವಾ ಹೊಗೆಯ ಮೂಲಕ ಮಾಡುವ ಪ್ರಚಾರ ಎಲ್ಲವೂ ಜಾಹೀರಾತೇ. 70 ವರ್ಷದ ಹಿಂದೆ ಅದನ್ನು ಬರೆದವರಿಗೆ ಇನ್‌ಸ್ಟಾಗ್ರಾಂ ಗೊತ್ತಿರಲಿಲ್ಲ. ಆದರೆ ಬೆಳಕು ಮತ್ತು ಶಬ್ದ ಸೇರಿದರೆ ರೀಲ್ ಅಲ್ಲದೆ ಇನ್ನೇನು?

ಈಗ ಫೋನ್ ತೆಗೆದು ನೋಡಿ. 'ಹಾರ್ಮೋನ್ ಬ್ಯಾಲೆನ್ಸ್', 'ಪಿಸಿಓಡಿಗೆ ಮೂಲದಿಂದಲೇ ಪರಿಹಾರ', 'ಮೆನೋಪಾಸ್‌ಗೆ ಸೈಡ್ ಎಫೆಕ್ಟ್ ಇಲ್ಲದ ಸಸ್ಯಜನ್ಯ ಈಸ್ಟ್ರೋಜನ್'. ಶತಾವರಿ ಕ್ಯಾಪ್ಸೂಲ್, ಅಶೋಕದ ಟಾನಿಕ್, ಸೋಯಾ ಐಸೋಫ್ಲೇವೋನ್ ಮಾತ್ರೆ, ರೆಡ್ ಕ್ಲೋವರ್, ಬ್ಲ್ಯಾಕ್ ಕೋಹಾಶ್. ಹದಿನೆಂಟರ ಹುಡುಗಿಗೂ ಐವತ್ತರ ಅಮ್ಮನಿಗೂ ಒಂದೇ ಡಬ್ಬಿ. ಕಾನೂನು ಅಪರಾಧ ಅಂದದ್ದು ಇಷ್ಟು ಸಲೀಸಾಗಿ ನಡೆಯೋದು ಹೇಗೆ?

ನಾನಿಲ್ಲಿ ವಾದ ಮಾಡುತ್ತಿರುವುದು ಗಿಡಮೂಲಿಕೆಯ ವಿರುದ್ಧ ಅಲ್ಲ. ನನ್ನ ಪ್ರಶ್ನೆ ಸರಳ. ಈ ಡಬ್ಬಿಯೊಳಗಿನದ್ದು ದೇಹದಲ್ಲಿ ಈಸ್ಟ್ರೋಜನ್‌ನಂತೆ ಕೆಲಸ ಮಾಡುತ್ತದೆಯೋ ಇಲ್ಲವೋ? ಮಾಡುತ್ತದೆ ಅಂದರೆ ಅದು ಹಾರ್ಮೋನ್ ಔಷಧ. ಹಾರ್ಮೋನ್ ಔಷಧಕ್ಕೆ ಏನೇನು ಪರೀಕ್ಷೆ, ಎಚ್ಚರಿಕೆ, ಹೊಣೆ ಇರಬೇಕೋ ಅದೆಲ್ಲ ಇದಕ್ಕೂ ಇರಬೇಕು. ಮಾಡುವುದಿಲ್ಲ ಅಂದರೆ ಹಾಗೆ ಹೇಳಿ ಮಾರುವುದು ಮೋಸ. 'ಕೆಲಸ ಮಾಡುತ್ತೆ, ಆದ್ರೆ ಅಪಾಯವೇನೂ ಇಲ್ಲ' ಎಂಬ ಮೂರನೆಯ ಜಾಗವನ್ನು ಮಾರುಕಟ್ಟೆ ಕಟ್ಟಿಕೊಂಡಿದೆ. ಸರ್ಕಾರ ಆ ಜಾಗಕ್ಕೆ ಬೇಲಿ ಹಾಕಬೇಕಿತ್ತು. ಇದ್ದ ಬೇಲಿಯನ್ನೂ ಕಿತ್ತುಹಾಕಿದೆ.

ಕುರಿಗಳು ಕಲಿಸಿದ ಪಾಠ

ಗಿಡದಲ್ಲಿ ಈಸ್ಟ್ರೋಜನ್‌ನಂಥ ಗುಣ ಇರಬಹುದು ಎಂಬುದು ದೊಡ್ಡದಾಗಿ ಚರ್ಚೆಗೆ ಬಂದದ್ದು 1940ರ ದಶಕದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಕುರಿಗಾರರ ದೆಸೆಯಿಂದ. ಅಲ್ಲಿನ ಹುಲ್ಲುಗಾವಲುಗಳಲ್ಲಿ ಕ್ಲೋವರ್ ಎಂಬ ಮೇವಿನ ಗಿಡ ಹಬ್ಬಿತ್ತು. ಅದನ್ನು ಮೇಯ್ದ ಹೆಣ್ಣು ಕುರಿಗಳು ಗಬ್ಬ ಕಟ್ಟುವುದು ನಿಂತಿತು, ಗರ್ಭಕೋಶ ಜಾರಿತು, ಈಯುವಾಗ ಸತ್ತವು. 1946ರಲ್ಲಿ ಇದರ ವೈಜ್ಞಾನಿಕ ವರದಿ ಬಂತು. ಗಿಡದಲ್ಲಿದ್ದ ಒಂದು ರಾಸಾಯನಿಕ ಕುರಿಯ ಹೊಟ್ಟೆಯಲ್ಲಿ ಈಕ್ವಾಲ್ ಎಂಬ ವಸ್ತುವಾಗಿ ಬದಲಾಗಿ, ಈಸ್ಟ್ರೋಜನ್ ಕೂರಬೇಕಾದ ಜಾಗದಲ್ಲಿ ಕೂರುತ್ತಿತ್ತು ಎಂಬುದು ನಂತರ ತಿಳಿಯಿತು. ಇಂಥ ಸಸ್ಯವಸ್ತುಗಳನ್ನೇ ಈಗ ಫೈಟೋಈಸ್ಟ್ರೋಜನ್ ಅಂತ ಕರೆಯುವುದು.

ಮನುಷ್ಯರು ಕುರಿಗಳಂತೆ ದಿನವಿಡೀ ಅದನ್ನೇ ಮೇಯುವುದಿಲ್ಲ. ನಮ್ಮ ದೇಹದ ಈಸ್ಟ್ರೋಜನ್‌ಗೆ ಹೋಲಿಸಿದರೆ ಇವು ತೀರಾ ದುರ್ಬಲ. ಸೋಯಾ ತಿಂದ ಎಲ್ಲರ ಕರುಳಿನಲ್ಲೂ ಈಕ್ವಾಲ್ ತಯಾರಾಗುವುದಿಲ್ಲ. ಅದಕ್ಕೆ ಬೇಕಾದ ಬ್ಯಾಕ್ಟೀರಿಯಾ ಕೆಲವರಲ್ಲಿದೆ, ಕೆಲವರಲ್ಲಿಲ್ಲ. ದೇಹದಲ್ಲಿ ಈಸ್ಟ್ರೋಜನ್ ಕಡಿಮೆ ಇದ್ದಾಗ ಇವು ಒಂದಿಷ್ಟು ಅದರ ಕೆಲಸ ಮಾಡಬಹುದು, ಜಾಸ್ತಿ ಇದ್ದಾಗ ಅದರ ದಾರಿಗೆ ಅಡ್ಡ ನಿಲ್ಲಬಹುದು. ಹಾಗಾಗಿ ಒಂದೇ ಮಾತ್ರೆ ಇಬ್ಬರು ಹೆಂಗಸರಲ್ಲಿ ಎರಡು ಥರ ವರ್ತಿಸುವುದು ಸಾಧ್ಯ. 'ಕಡಿಮೆ ಇದ್ದರೆ ಏರಿಸುತ್ತದೆ, ಜಾಸ್ತಿ ಇದ್ದರೆ ಇಳಿಸುತ್ತದೆ' ಅಂತ ಜಾಹೀರಾತಿನವರು ಇದನ್ನೇ ಜಾಣತನದಿಂದ ತಿರುಗಿಸುತ್ತಾರೆ. ಮಾತ್ರೆಗೆ ಅಂಥ ಬುದ್ಧಿ ಇಲ್ಲ. ಯಾರ ದೇಹದಲ್ಲಿ ಏನಾಗುತ್ತದೆ ಎಂಬುದು ಮೊದಲೇ ಗೊತ್ತಾಗುವುದಿಲ್ಲ ಎಂಬುದಷ್ಟೇ ಅದರ ನಿಜವಾದ ಅರ್ಥ.

ಪರೀಕ್ಷೆ ಏನು ಹೇಳಿತು?

ಮೆನೋಪಾಸ್‌ನ ಬಿಸಿ ಅಲೆಗೆ, ಅಂದ್ರೆ ಇದ್ದಕ್ಕಿದ್ದಂತೆ ಮೈ ಕಾವೇರಿ ಬೆವರುವ ತೊಂದರೆಗೆ, ಹೆಚ್ಚು ಮಾರಾಟವಾಗುವ ಹೆಸರುಗಳಲ್ಲೊಂದು ಬ್ಲ್ಯಾಕ್ ಕೋಹಾಶ್. ಅಮೆರಿಕದಲ್ಲಿ ಸರ್ಕಾರದ ಹಣದಲ್ಲೇ 351 ಹೆಂಗಸರ ಮೇಲೆ ಒಂದು ವರ್ಷದ ಪ್ರಯೋಗ ನಡೆದು, 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಬ್ಲ್ಯಾಕ್ ಕೋಹಾಶ್ ತೆಗೆದುಕೊಂಡವರಿಗೂ ಏನೂ ಇಲ್ಲದ ಉಪಚಾರದ ಮಾತ್ರೆ ತೆಗೆದುಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೆಡ್ ಕ್ಲೋವರ್ ಕಥೆಯೂ ಅದೇ. 252 ಹೆಂಗಸರ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನ ಗಮನಾರ್ಹ ಲಾಭ ಕಾಣಲಿಲ್ಲ ಅಂದಿತು.

ಇನ್ನು ನಮ್ಮ ಶತಾವರಿ. ಹಲವು ಮಕ್ಕಳ ತಾಯಿ ಬೇರು ಅಂತ ನಮ್ಮ ಹಳ್ಳಿಗಳಲ್ಲಿ ಕರೆಯುವುದು ಇದನ್ನೇ. ಆ ಹೆಸರಲ್ಲೇ ಒಂದು ನಂಬಿಕೆ ಇದೆ, ನಾನು ಅದನ್ನು ಗೇಲಿ ಮಾಡಲಾರೆ. ಆದರೆ ಪರೀಕ್ಷೆ ಎಷ್ಟಾಗಿದೆ? ಬಾಣಂತಿಯರ ಎದೆಹಾಲು ಹೆಚ್ಚಿಸುತ್ತದೆಯೇ ಅಂತ ನೋಡಿದ 1996ರ ಭಾರತೀಯ ಪ್ರಯೋಗವೊಂದು ಇಲ್ಲ ಅಂದಿತು. 2011ರ ಇನ್ನೊಂದು ಸಣ್ಣ ಪ್ರಯೋಗ ಹೌದು ಅಂದಿತು. ಸಾವಿರಾರು ವರ್ಷದ ಬಳಕೆ ಅಂತ ಎದೆತಟ್ಟಿಕೊಳ್ಳುವ, ಅದಕ್ಕಾಗಿಯೇ ಒಂದು ಕೇಂದ್ರ ಸಚಿವಾಲಯ ಇಟ್ಟುಕೊಂಡಿರುವ ದೇಶದಲ್ಲಿ ಈ ಜಗಳ ತೀರಿಸುವಷ್ಟು ದೊಡ್ಡ ಪ್ರಯೋಗ ಆಗಬೇಕಿತ್ತು. ಜಾಹೀರಾತು ಮಾತ್ರ ಆಯಿತು.

ಸೋಯಾ ವಿಷಯದಲ್ಲಿ ಎರಡು ಮಾತು ಬೇರ್ಪಡಿಸಿ ಹೇಳಬೇಕು. ಶಾಂಘೈನಲ್ಲಿ ಸ್ತನ ಕ್ಯಾನ್ಸರ್‌ನಿಂದ ಬದುಕುಳಿದ 5,042 ಹೆಂಗಸರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಬಂತು. ಸೋಯಾವನ್ನು ಆಹಾರವಾಗಿ ಹೆಚ್ಚು ತಿಂದವರಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಕಡಿಮೆ ಅಂತ ಅದು ಹೇಳಿತು. ಇತ್ತ ಇಲಿಗಳ ಮೇಲಿನ ಪ್ರಯೋಗದಲ್ಲಿ ಸೋಯಾದಿಂದ ಬೇರ್ಪಡಿಸಿದ ಜೆನಿಸ್ಟೀನ್ ಎಂಬ ವಸ್ತು, ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ಔಷಧದ ಕೆಲಸವನ್ನೇ ಕೆಡಿಸಿತ್ತು. ಅಂದ್ರೆ ಪಲ್ಯಕ್ಕೆ ಹಾಕುವ ಮೀಲ್ ಮೇಕರ್ ಬೇರೆ, ಅದರ ಒಂದೇ ಅಂಶವನ್ನು ಹಿಂಡಿ ಕ್ಯಾಪ್ಸೂಲ್‌ಗೆ ತುಂಬಿ ತಿಂಗಳುಗಟ್ಟಲೆ ನುಂಗುವುದು ಬೇರೆ. ಆಹಾರದ ಒಳ್ಳೆಯ ಹೆಸರನ್ನು ತೋರಿಸಿ ಕ್ಯಾಪ್ಸೂಲ್ ಮಾರುವುದು ಈ ವ್ಯಾಪಾರದ ಮುಖ್ಯ ಕೈಚಳಕ.

ನಿಜವಾಗಿ ಕೆಲಸ ಮಾಡಿದರೆ?

ಕೆಲಸ ಮಾಡದಿದ್ದರೆ ದುಡ್ಡು ಹೋಯಿತು ಅಂದುಕೊಳ್ಳಬಹುದು. ಕೆಲಸ ಮಾಡಿದರೆ ಏನು ಎಂಬುದು ಹೆಚ್ಚು ಗಂಭೀರ ಪ್ರಶ್ನೆ.

ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅದನ್ನು ಹಿಡಿತದಲ್ಲಿಡಲು ಪ್ರೊಜೆಸ್ಟರಾನ್ ಬೇಕು. 1960ರ ದಶಕದ ಅಮೆರಿಕದಲ್ಲಿ ಮೆನೋಪಾಸ್ ಆದವರಿಗೆ 'ಸದಾ ಹೆಣ್ಣಾಗಿಯೇ ಇರಿ' ಅಂತ ಬರೀ ಈಸ್ಟ್ರೋಜನ್ ಮಾತ್ರೆ ಧಾರಾಳವಾಗಿ ಕೊಟ್ಟರು. 1975ರಲ್ಲಿ ಬಂದ ಅಧ್ಯಯನಗಳು ಅದಕ್ಕೂ ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೂ ನಂಟು ತೋರಿಸಿದವು. ಗರ್ಭಕೋಶ ಇರುವವರಿಗೆ ಪ್ರೊಜೆಸ್ಟರಾನ್ ಜೊತೆಗಿಲ್ಲದೆ ಈಸ್ಟ್ರೋಜನ್ ಕೊಡಬಾರದು ಎಂಬ ನಿಯಮ ಬಂದದ್ದು ಆಗ.

ಈಗ ಪಿಸಿಓಎಸ್ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಹೆರಿಗೆ ವಯಸ್ಸಿನ ಹೆಂಗಸರಲ್ಲಿ ಶೇ. 10ರಿಂದ 13ರಷ್ಟು ಮಂದಿಗೆ ಇದಿದೆ. ಇವರಲ್ಲಿ ಹಲವರಿಗೆ ತಿಂಗಳುಗಟ್ಟಲೆ ಅಂಡ ಬಿಡುಗಡೆ ಆಗುವುದಿಲ್ಲ, ಹಾಗಾಗಿ ಪ್ರೊಜೆಸ್ಟರಾನ್ ಬರುವುದಿಲ್ಲ, ಗರ್ಭಕೋಶದ ಒಳಪದರದ ಮೇಲೆ ಈಸ್ಟ್ರೋಜನ್ ಒಂದೇ ಕೆಲಸ ಮಾಡುತ್ತಿರುತ್ತದೆ. ಅಂಥವರಿಗೆ 'ಈಸ್ಟ್ರೋಜನ್ ಹೆಚ್ಚಿಸುತ್ತೆ' ಅಂತ ಡಬ್ಬಿ ಮಾರುವುದರ ಅರ್ಥವೇನು? ಡಬ್ಬಿ ಹೇಳಿದಂತೆ ಕೆಲಸ ಮಾಡಿದರೆ ಅದು ಬೇಡದ ಕೆಲಸ. ಈಸ್ಟ್ರೋಜನ್ ಆಧಾರಿತ ಸ್ತನ ಕ್ಯಾನ್ಸರ್ ಆದವರು, ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು, ಗಡ್ಡೆ ಇರುವವರು, ಬಸುರಿಯರು ಇದನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು ಅಂತ ರೀಲ್ ಮಾಡುವವರು ಹೇಳುವುದು ನಾನು ಕೇಳಿಲ್ಲ. 'ಎಲ್ಲ ಹೆಂಗಸರಿಗೂ' ಅನ್ನೋದನ್ನು ಮಾತ್ರ ಬೇಕಾದಷ್ಟು ಸಲ ಕೇಳಿದ್ದೇನೆ.

ಲೇಬಲ್ ಬದಲಾಗುವುದು ಅಂದರೆ ಇದು

'ಇಂಗ್ಲಿಷ್ ಔಷಧದ ಹಾರ್ಮೋನ್ ಅಪಾಯ, ಅದಕ್ಕೇ ನಾವು ನ್ಯಾಚುರಲ್' ಎಂಬ ಮಾತು ಈ ಮಾರುಕಟ್ಟೆಯ ಬೆನ್ನೆಲುಬು. ಇದರ ಹಿಂದೊಂದು ನಿಜವಾದ ಘಟನೆ ಇದೆ, ಅದನ್ನು ಪೂರ್ತಿ ಹೇಳಬೇಕು.

2002ರ ಜುಲೈನಲ್ಲಿ ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಪ್ರಯೋಗದ ಒಂದು ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. 16,608 ಹೆಂಗಸರು ಅದರಲ್ಲಿದ್ದರು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತು. ಎಷ್ಟು ಹೆಚ್ಚು? ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಯಿತು. ಪತ್ರಿಕೆಗಳಲ್ಲಿ ಇದು ಶೇ. 26 ಹೆಚ್ಚಳ ಅಂತ ಬಂತು. ಎರಡೂ ಲೆಕ್ಕ ಸರಿ, ಆದರೆ ಹುಟ್ಟಿಸುವ ಭಯ ಬೇರೆ ಬೇರೆ. ಜಗತ್ತಿನ ತುಂಬ ಹೆಂಗಸರು ಮಾತ್ರೆ ಬಿಟ್ಟರು. ಆ ಖಾಲಿ ಜಾಗಕ್ಕೆ 'ನ್ಯಾಚುರಲ್ ಪರ್ಯಾಯ'ಗಳು ನುಗ್ಗಿದವು.

ಮುಂದೆ ಅದೇ ಅಂಕಿಅಂಶಗಳನ್ನು ವಯಸ್ಸಿನ ಪ್ರಕಾರ ಮತ್ತೆ ನೋಡಿದರು. ಪ್ರಯೋಗದಲ್ಲಿದ್ದ ಹೆಚ್ಚಿನವರು ಮೆನೋಪಾಸ್ ಆಗಿ ಬಹಳ ವರ್ಷ ಕಳೆದವರು. ಅರವತ್ತರೊಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದವರಿಗೆ, ಲಾಭ-ನಷ್ಟದ ಲೆಕ್ಕ ಬೇರೆ ಎಂಬುದು ಸ್ಪಷ್ಟವಾಯಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಈ ಔಷಧಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗ ತೆಗೆಯುವುದಾಗಿ ಪ್ರಕಟಿಸಿತು. ಬರೀ ಈಸ್ಟ್ರೋಜನ್ ಇರುವ ಮಾತ್ರೆಗಳ ಮೇಲಿನ ಗರ್ಭಕೋಶ ಕ್ಯಾನ್ಸರ್ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು. ಈ ನಿರ್ಧಾರ ತೀರಾ ದೂರ ಹೋಯಿತು ಅನ್ನುವ ತಜ್ಞರೂ ಇದ್ದಾರೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹೊಣೆಗಾರಿಕೆ ಕಾಣುವುದು ಹೀಗೆ. ಯಾರೋ ಲೆಕ್ಕ ಇಟ್ಟರು, ಅಪಾಯ ಕಂಡಾಗ ನಿಲ್ಲಿಸಿದರು, ಲೇಬಲ್ ಮೇಲೆ ಬರೆದರು, ಎರಡು ದಶಕ ಜಗಳವಾಡಿದರು, ಮತ್ತೆ ತಿದ್ದಿದರು. ಶತಾವರಿ ಕ್ಯಾಪ್ಸೂಲ್‌ನ ಲೇಬಲ್ ತಿದ್ದುವ ಸಂದರ್ಭವೇ ಬರುವುದಿಲ್ಲ, ಯಾಕಂದ್ರೆ ಲೆಕ್ಕ ಇಟ್ಟವರೇ ಇಲ್ಲ. ಅದನ್ನು ನಾವು 'ಸೈಡ್ ಎಫೆಕ್ಟ್ ಇಲ್ಲ' ಅಂತ ಓದಿಕೊಳ್ಳುತ್ತಿದ್ದೇವೆ.

ಇನ್ನೊಂದು ವಿಷಯ. 'ಕೆಮಿಕಲ್' ಅಂತ ಹೀಗಳೆಯುವ ಎಸ್ಟ್ರಡಯಾಲ್ ಮಾತ್ರೆಯ ಕಚ್ಚಾವಸ್ತುವೂ ಹೆಚ್ಚಾಗಿ ಸೋಯಾ ಅಥವಾ ಕಾಡುಗೆಣಸಿನಿಂದ ಬಂದದ್ದೇ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಿಂದ ಪ್ರೊಜೆಸ್ಟರಾನ್ ತಯಾರಿಸುವ ದಾರಿ ಕಂಡುಕೊಂಡ. ಆದರೆ ಆ ಬದಲಾವಣೆ ಲ್ಯಾಬಿನಲ್ಲಿ ಆಗುವಂಥದ್ದು, ಮನುಷ್ಯನ ದೇಹ ಮಾಡಲಾರದು. ಆದರೂ ಕಾಡುಗೆಣಸಿನ ಕ್ರೀಮನ್ನು 'ನ್ಯಾಚುರಲ್ ಪ್ರೊಜೆಸ್ಟರಾನ್' ಅಂತ ಮಾರುವವರಿದ್ದಾರೆ. ಗಿಡದಿಂದ ಬಂತೋ ಇಲ್ಲವೋ ಎಂಬುದು ಹಾಗಾದರೆ ಮುಖ್ಯ ಪ್ರಶ್ನೆಯೇ ಅಲ್ಲ. ದೇಹದೊಳಗೆ ಏನು ಮಾಡುತ್ತದೆ, ಅದನ್ನು ಯಾರು ಪರೀಕ್ಷಿಸಿದರು ಎಂಬುದು ಪ್ರಶ್ನೆ.

ಎರಡು ಬಾಗಿಲು, ಒಬ್ಬನೂ ಕಾವಲುಗಾರನಿಲ್ಲ

ಈಗ ಕಾನೂನಿಗೆ ಬರೋಣ. ಭಾರತದಲ್ಲಿ ಇಂಥ ಉತ್ಪನ್ನ ಮಾರುಕಟ್ಟೆಗೆ ಬರಲು ಎರಡು ಬಾಗಿಲಿದೆ.

ಮೊದಲನೆಯದು ಆಯುಷ್ ಬಾಗಿಲು. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ರಾಜ್ಯದ ಪರವಾನಗಿ ಪ್ರಾಧಿಕಾರ ತಯಾರಿಕೆಗೆ ಅನುಮತಿ ಕೊಡುತ್ತದೆ. ಪಟ್ಟಿ ಮಾಡಿದ ಪ್ರಾಚೀನ ಗ್ರಂಥಗಳಲ್ಲಿ ಹೇಳಿದ ಪದಾರ್ಥವಾದರೆ ಸುರಕ್ಷತೆಯ ಹೊಸ ಅಧ್ಯಯನ ಬಹುಮಟ್ಟಿಗೆ ಬೇಕಿಲ್ಲ. ಗ್ರಂಥದಲ್ಲಿ ಬೇರನ್ನು ಹಾಲಲ್ಲಿ ಕುದಿಸಿ ಕುಡಿ ಅಂದಿರಬಹುದು. ಇವತ್ತಿನ ಕಾರ್ಖಾನೆ ಹತ್ತು ಗಿಡಗಳ ಸಾರ ಹಿಂಡಿ ಒಂದೇ ಮಾತ್ರೆಗೆ ಒತ್ತುತ್ತದೆ. ಎರಡೂ ಒಂದೇ ಎಂಬುದು ಕಾನೂನಿನ ಔದಾರ್ಯ. ಆಯುರ್ವೇದ ಔಷಧ ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿಯೂ ಬೇಕಿಲ್ಲ.

ಎರಡನೆಯದು ಆಹಾರದ ಬಾಗಿಲು. ಅದೇ ಶತಾವರಿಯನ್ನು 'ನ್ಯೂಟ್ರಾಸ್ಯುಟಿಕಲ್' ಅಂತ ಎಫ್‌ಎಸ್‌ಎಸ್‌ಎಐ ಪರವಾನಗಿಯಡಿ ತರಬಹುದು. 'ಔಷಧೀಯ ಬಳಕೆಗಲ್ಲ' ಅಂತ ಹಿಂದೆ ಸಣ್ಣಕ್ಷರದಲ್ಲಿ, ಮುಂದೆ 'ಹಾರ್ಮೋನಲ್ ಸಪೋರ್ಟ್' ಅಂತ ದೊಡ್ಡಕ್ಷರದಲ್ಲಿ. 1954ರ ಕಾಯ್ದೆಯಲ್ಲಿ ಔಷಧದ ವ್ಯಾಖ್ಯೆ, ದೇಹದ ಕ್ರಿಯೆಯ ಮೇಲೆ ಪ್ರಭಾವ ಬೀರಲು ಉದ್ದೇಶಿಸಿದ 'ಆಹಾರವಲ್ಲದ' ಯಾವುದೇ ವಸ್ತು ಅನ್ನುತ್ತದೆ. ಆ 'ಆಹಾರವಲ್ಲದ' ಎಂಬ ಒಂದು ಪದ ಎಷ್ಟು ಜನರಿಗೆ ಓಡಿಹೋಗಲು ಸಂದಿ ಕೊಟ್ಟಿದೆ ನೋಡಿ. ಆಹಾರ ಸುರಕ್ಷತಾ ಕಾಯ್ದೆಯಲ್ಲೂ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ 'ಗುಣಪಡಿಸುತ್ತೆ' ಅನ್ನದೆ 'ಸಪೋರ್ಟ್ ಮಾಡುತ್ತೆ' ಅಂದರೆ ಬಚಾವ್.

2018ರ ಡಿಸೆಂಬರ್‌ನಲ್ಲಿ ಔಷಧ ನಿಯಮಗಳಿಗೆ 170ನೇ ನಿಯಮ ಸೇರಿಸಿದರು. ಆಯುಷ್ ಔಷಧದ ಜಾಹೀರಾತು ಕೊಡುವ ಮುನ್ನ ರಾಜ್ಯ ಪ್ರಾಧಿಕಾರದಿಂದ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು ಎಂಬುದು ಅದರ ಸಾರ. ಅಂದ್ರೆ ಮೊದಲು ತಪಾಸಣೆ, ಆಮೇಲೆ ಜಾಹೀರಾತು. 2023ರ ಆಗಸ್ಟ್ 29ರಂದು ಆಯುಷ್ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಈ ನಿಯಮದಡಿ ಕ್ರಮ ಕೈಗೊಳ್ಳಬೇಡಿ ಅಂದಿತು. ಪತಂಜಲಿ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ಪತ್ರವನ್ನು 2024ರ ಮೇ ತಿಂಗಳಲ್ಲಿ ಪ್ರಶ್ನಿಸಿತು. ಸರ್ಕಾರ ಪತ್ರ ಹಿಂಪಡೆಯುವ ಬದಲು 2024ರ ಜುಲೈ 1ರಂದು ನಿಯಮವನ್ನೇ ತೆಗೆದುಹಾಕಿತು. ಆಗಸ್ಟ್ 27ರಂದು ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟ್ 11ರಂದು ಮೊಕದ್ದಮೆ ಮುಕ್ತಾಯವಾಯಿತು, ತಡೆಯೂ ಹೋಯಿತು.

ಹೀಗೆ ಮುಂಗಡ ತಪಾಸಣೆ ಮುಗಿದ ಕಥೆ. ಟಿವಿ ಚರ್ಚೆಗಳು ಇದನ್ನು ಒಬ್ಬ ಬಾಬಾನ ಕ್ಷಮಾಪಣೆಯ ನಾಟಕವಾಗಿ ತೋರಿಸಿದವು. ಆ ಗದ್ದಲದಲ್ಲಿ ಹೆಣ್ಣಿನ ದೇಹದ ಬಗ್ಗೆ ಬಾಯಿಗೆ ಬಂದಂತೆ ಹೇಳಿ ಮಾರುವ ನೂರಾರು ಕಂಪನಿಗಳಿಗೆ ಬಾಗಿಲು ತೆರೆದದ್ದು ಸುದ್ದಿಯಾಗಲಿಲ್ಲ.

ಡಬ್ಬಿಯಲ್ಲಿ ಇರುವುದು ಅಶೋಕವೇನಾ?

ಇಷ್ಟು ಹೊತ್ತು ಡಬ್ಬಿಯಲ್ಲಿ ಬರೆದದ್ದೇ ಒಳಗಿದೆ ಅಂತ ಇಟ್ಟುಕೊಂಡು ಮಾತಾಡಿದೆವು. ಹೆಚ್ಚು ರಕ್ತಸ್ರಾವ, ಬಿಳಿಮುಟ್ಟು ಎಲ್ಲಕ್ಕೂ ಹೆಸರಾದದ್ದು ಅಶೋಕದ ತೊಗಟೆ. ಬೆಂಗಳೂರಿನ ಸಂಶೋಧಕರು ದೇಶದ ಕಚ್ಚಾ ಗಿಡಮೂಲಿಕೆ ಮಾರುಕಟ್ಟೆಗಳಿಂದ 'ಅಶೋಕ' ಅಂತ ಮಾರುತ್ತಿದ್ದ ಮಾದರಿಗಳನ್ನು ತಂದು ಡಿಎನ್‌ಎ ಪರೀಕ್ಷೆ ಮಾಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶೇ. 80ಕ್ಕಿಂತ ಹೆಚ್ಚು ಮಾದರಿಗಳು ಅಶೋಕವೇ ಆಗಿರಲಿಲ್ಲ. ಬೇರೆ ಬೇರೆ ಕುಟುಂಬದ ಮರಗಳ ತೊಗಟೆ ಅವು. ಪಶ್ಚಿಮ ಘಟ್ಟದ ನಿಜವಾದ ಅಶೋಕ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ತೊಗಟೆ ಸುಲಿದು ಸುಲಿದು ಮರವೇ ಮುಗಿಯುತ್ತಾ ಬಂದಿದೆ. ಮರ ಕಡಿಮೆ, ಟಾನಿಕ್ ಜಾಸ್ತಿ. ಈ ಲೆಕ್ಕ ಕೂಡುವುದು ಕಲಬೆರಕೆಯಿಂದ ಮಾತ್ರ.

ಹಾಗಾಗಿ 'ಪರಂಪರೆಯ ಜ್ಞಾನ' ಎಂಬ ವಾದ ಇಲ್ಲಿ ಎರಡು ಸಲ ಸೋಲುತ್ತದೆ. ಪರಂಪರೆಯಲ್ಲಿ ಇಂಥವರಿಗೆ, ಇಂಥ ಕಾಲದಲ್ಲಿ, ಇಷ್ಟು ದಿನ ಎಂಬ ವಿವೇಚನೆ ಇತ್ತು. ಇಲ್ಲಿ ಎಲ್ಲರಿಗೂ ದಿನಕ್ಕೆರಡು. ಪರಂಪರೆಯಲ್ಲಿ ಬೇರು ಕೀಳುವವರಿಗೆ ಗಿಡದ ಗುರುತಿತ್ತು. ಇಲ್ಲಿ ಮೂಟೆಯ ಮೇಲಿನ ಚೀಟಿಯೇ ಗುರುತು.

ಯಾಕೆ ಕೊಳ್ಳುತ್ತಾರೆ ಅಂತ ಕೇಳದಿದ್ದರೆ

'ಓದಿದವರೂ ಇಂಥದ್ದನ್ನು ನಂಬ್ತಾರಲ್ಲ' ಅಂತ ನಗುವ ಪ್ರಗತಿಪರ ಗೆಳೆಯರಿದ್ದಾರೆ. ಅವರ ಹತ್ತಿರ ನನ್ನ ಜಗಳ ಇಲ್ಲಿಂದ ಶುರು.

ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಹೆಣ್ಣು ಕಾಣುವುದು ಬಸುರಿಯಾಗಿ, ಬಾಣಂತಿಯಾಗಿ, ಹೆಚ್ಚೆಂದರೆ ಹದಿಹರೆಯದ ಹುಡುಗಿಯಾಗಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಹೆಸರೇ ಸಂತಾನ, ತಾಯಿ, ನವಜಾತ, ಮಗು, ಹದಿಹರೆಯ ಅಂತ. ಹೆರಿಗೆ ವಯಸ್ಸು ದಾಟಿದವಳಿಗೆ ಆ ಹೆಸರಲ್ಲೇ ಜಾಗ ಇಲ್ಲ. ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಾವೆಲ್ಲ ಖುಷಿಪಟ್ಟೆವು, ಪಡಬೇಕಾದದ್ದೇ. ಆದರೆ ಮುಟ್ಟು ನಿಲ್ಲುವ ಹೊತ್ತಿನ ನಿದ್ದೆಗೇಡು, ಬೆವರು, ಮೂಳೆ ಸವೆತದ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತು ಮಾತಾಡುವವರು ಯಾರು? 'ವಯಸ್ಸಾಯ್ತು, ಸಹಿಸ್ಕೊಳ್ಳಮ್ಮ' ಎಂಬುದೇ ಅಲ್ಲಿನ ಚಿಕಿತ್ಸೆ.

ಇನ್ನೊಂದು ತುದಿಯಲ್ಲಿ ಚಾಕು. ಕಲಬುರಗಿಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶವನ್ನೇ ಖಾಸಗಿ ಆಸ್ಪತ್ರೆಗಳು ತೆಗೆದುಹಾಕಿದ ಆರೋಪ, ಹೋರಾಟ, ತನಿಖೆಗಳನ್ನು ಕಳೆದ ದಶಕದಲ್ಲಿ ನೋಡಿದ್ದೇವೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥದ್ದೇ ಪ್ರಕರಣಗಳ ಮೊಕದ್ದಮೆಯಲ್ಲಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತರ ಹೆಂಗಸಿಗೂ ಮರುದಿನವೇ ಮೆನೋಪಾಸ್. ಮೂಳೆ, ಹೃದಯದ ರಕ್ಷಣೆಗಾಗಿ ಅಂಥವಳಿಗೆ ಸಹಜ ಮೆನೋಪಾಸ್ ವಯಸ್ಸಿನವರೆಗೆ ನಿಜವಾದ ಈಸ್ಟ್ರೋಜನ್ ಕೊಡಬೇಕು ಎಂಬುದು ವೈದ್ಯಕೀಯ ಲೋಕ ಒಪ್ಪಿದ ಮಾತು, ಬೇರೆ ಕಾರಣಕ್ಕೆ ಅಡ್ಡಿ ಇಲ್ಲದಿದ್ದರೆ. ಅವಳಿಗೆ ಯಾರೂ ಅದನ್ನು ಹೇಳುವುದಿಲ್ಲ. ಮೈಯುರಿ, ಸೊಂಟನೋವು ಅಂತ ಹೋದರೆ ಅಂಗಡಿಯವರು ಟಾನಿಕ್ ಕೊಡುತ್ತಾರೆ. ಅಲ್ಲಿ ಆ ಟಾನಿಕ್‌ನ ದೊಡ್ಡ ಹಾನಿ ಅದರೊಳಗಿನ ಗಿಡದಿಂದ ಆಗುವುದಲ್ಲ. ಸಿಗಬೇಕಾದ ಚಿಕಿತ್ಸೆಯ ಜಾಗದಲ್ಲಿ ಅದು ಕೂತಿರುವುದೇ ಹಾನಿ. ಕಬ್ಬು ಕಡಿಯುವ, ಕಟ್ಟಡ ಕಟ್ಟುವ ಹೆಂಗಸಿನ ಮೂಳೆ ನಲವತ್ತಕ್ಕೇ ಸವೆದರೆ ಕೂಲಿಯೂ ಹೋಯಿತು.

ಹಾಗಾಗಿ ಡಬ್ಬಿ ಕೊಳ್ಳುವವಳು ಮೂಢಳಲ್ಲ. ಕೇಳಿಸಿಕೊಳ್ಳದ ಡಾಕ್ಟರು ಒಂದು ಕಡೆ, ಕತ್ತರಿಸುವ ಆಸ್ಪತ್ರೆ ಇನ್ನೊಂದು ಕಡೆ ಇರುವಾಗ, 'ನಿಮ್ಮ ನೋವು ನಮಗರ್ಥವಾಗುತ್ತದೆ' ಅಂತ ಮೊದಲ ಬಾರಿಗೆ ಹೇಳಿದ್ದು ಜಾಹೀರಾತು. ಸರ್ಕಾರ ಆಡಬೇಕಿದ್ದ ಆ ಮಾತನ್ನು ಕಂಪನಿ ಆಡಿ ದುಡ್ಡು ಮಾಡಿಕೊಳ್ಳುತ್ತಿದೆ.

ಕೇಳಬೇಕಾದ್ದು ಏನು

'ಇದು ಆಯುರ್ವೇದದ ಮೇಲಿನ ದಾಳಿ' ಎಂಬ ಉತ್ತರ ಬರುತ್ತದೆ, ಗೊತ್ತು. ಆಯುರ್ವೇದದ ಮೇಲೆ ಗೌರವ ಇದ್ದವರೇ ಮೊದಲು ಕೇಳಬೇಕಾದ ಪ್ರಶ್ನೆಗಳಿವು. ಹತ್ತರಲ್ಲಿ ಎಂಟು ಮಾದರಿ ಅಶೋಕವೇ ಅಲ್ಲದಿದ್ದರೆ ಅವಮಾನ ಆಗುತ್ತಿರುವುದು ಯಾವುದಕ್ಕೆ?

1954ರ ಕಾಯ್ದೆ ಇನ್ನೂ ಜೀವಂತ ಇದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು ವಿಧಿಸಬಹುದು. 2025ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್, ಈ ಕಾಯ್ದೆಯಡಿ ಜನ ದೂರು ಕೊಡುವ ವ್ಯವಸ್ಥೆಯನ್ನು ಎರಡು ತಿಂಗಳಲ್ಲಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಆದೇಶಿಸಿತ್ತು. ಕರ್ನಾಟಕದಲ್ಲಿ ಎಷ್ಟು ದೂರು ಬಂದವು, ಎಷ್ಟಕ್ಕೆ ಕ್ರಮ ಆಯಿತು, ಮುಟ್ಟು ಮತ್ತು ಗರ್ಭಕೋಶದ ಹೆಸರಲ್ಲಿ ಎಷ್ಟು? ಆರ್‌ಟಿಐ ಹಾಕಿ. ಕಾಲೇಜಿನ ಸ್ತ್ರೀವಾದಿ ಗುಂಪು, ವಿದ್ಯಾರ್ಥಿ ಸಂಘಟನೆ ಯಾವುದಿದ್ದರೂ ಒಂದು ಸಂಜೆಯ ಕೆಲಸ ಇದು. ಹಣ ಪಡೆದು ರೀಲ್ ಮಾಡುವವರನ್ನು ಮರೆಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪ್ರಚಾರ ಮಾಡಿದವರ ಮೇಲೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಎರಡನೆಯದಾಗಿ, ಈಸ್ಟ್ರೋಜನ್‌ನಂತೆ ಕೆಲಸ ಮಾಡುತ್ತದೆ ಅನ್ನುವ ಯಾವ ಉತ್ಪನ್ನವೇ ಇರಲಿ, ಆಯುಷ್ ಬಾಗಿಲಿಂದ ಬರಲಿ, ಆಹಾರದ ಬಾಗಿಲಿಂದ ಬರಲಿ, ಯಾರು ತೆಗೆದುಕೊಳ್ಳಬಾರದು ಎಂಬುದನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯಲೇಬೇಕು ಅಂತ ಒತ್ತಾಯಿಸೋಣ. ಆಯುಷ್ ಔಷಧಗಳ ಅಡ್ಡಪರಿಣಾಮ ದಾಖಲಿಸಲು 2018ರಿಂದ ರಾಷ್ಟ್ರೀಯ ವ್ಯವಸ್ಥೆಯೊಂದಿದೆ. ಅದರ ವಿಳಾಸ ಡಬ್ಬಿಯ ಮೇಲೆ ಇರಲಿ.

ಮೂರನೆಯದು ದುಡ್ಡಿನ ವಿಷಯ. ವಾರಕ್ಕೊಂದು ಮಧ್ಯಾಹ್ನವಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಲವತ್ತು ದಾಟಿದ ಹೆಂಗಸರಿಗೆ, ಪಿಸಿಓಎಸ್ ಇರುವ ಹುಡುಗಿಯರಿಗೆ ತರಬೇತಾದವರು ಸಿಗಬೇಕು. ಆಶಾ ಕಾರ್ಯಕರ್ತೆಯ ಕೆಲಸದ ಪಟ್ಟಿಗೆ ಮೆನೋಪಾಸ್ ಸೇರಲಿ, ಸಂಭಾವನೆಯ ಸಮೇತ. ಎಸ್ಟ್ರಡಯಾಲ್ ಬೇಕಾದವಳಿಗೆ ಅದು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಲಿ. ಇದಿಲ್ಲದೆ ಬರೀ ಜಾಹೀರಾತು ನಿಷೇಧಿಸಿದರೆ, ಕೆಟ್ಟ ಉತ್ತರವೊಂದನ್ನು ಕಿತ್ತುಕೊಂಡು ಪ್ರಶ್ನೆಯನ್ನು ಅವಳ ಕೈಯಲ್ಲೇ ಬಿಟ್ಟು ಬಂದಂತೆ.

ಈ ನಡುವೆ ಮನೆಯಲ್ಲಿ ಯಾರಾದರೂ ಇಂಥ ಡಬ್ಬಿ ತಂದಿದ್ದರೆ ಕಿತ್ತು ಬಿಸಾಡುವ ಮುನ್ನ ಪಕ್ಕದಲ್ಲಿ ಕೂತು, ಏನು ತೊಂದರೆ ಆಗ್ತಿದೆ ಅಂತ ಕೇಳಿ. ಮುಟ್ಟು ನಿಂತು ಒಂದು ವರ್ಷ ಆದಮೇಲೆ ಮತ್ತೆ ರಕ್ತ ಕಂಡಿದ್ದರೆ, ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ, ಸ್ತನದಲ್ಲಿ ಗಂಟು ಸಿಕ್ಕಿದ್ದರೆ, ಅದು ಟಾನಿಕ್ ಕುಡಿದು ಕಾಯುವ ವಿಷಯ ಅಲ್ಲ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಡಬ್ಬಿಯನ್ನೂ ಜೊತೆಗೆ ಒಯ್ದು ತೋರಿಸಿ.